ಕಾಲಿಟ್ಟರೆ ನಿಲ್ಲುವ ಸದ್ದು: ಒಂದು ಕ್ಲಚ್ ಪ್ರಕರಣದ ಅಧ್ಯಯನ

ಜುಲೈ ತಿಂಗಳ ಮೊದಲ ವಾರದಲ್ಲಿ, ಮೂರು ದಿನ ಬಿಡದೆ ಸುರಿದ ಮಳೆ ಬೆಳಿಗ್ಗೆ ಸ್ವಲ್ಪ ಹೊಳವು ಕೊಟ್ಟ ಹೊತ್ತಿಗೆ, ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಕಾರನ್ನು ಮೂಡಿಗೆರೆಯ ನಮ್ಮ ಗ್ಯಾರೇಜಿಗೆ ತಂದರು. 1.2 ಲೀಟರಿನ ಪೆಟ್ರೋಲ್ ಇಂಜಿನ್, ಐದು ಗೇರು, ಮುಂದಿನ ಚಕ್ರಗಳಿಗೆ ಎಳೆತ, ವೈರಿನಿಂದ ಕೆಲಸ ಮಾಡುವ ಕ್ಲಚ್. ಮೀಟರಿನಲ್ಲಿ 78,900 ಕಿ.ಮೀ. ವಾರಕ್ಕೆ ಎರಡು ಸಲ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗಿ, ಸಂಜೆಗೆ ಅದೇ ಘಾಟಿ ಹತ್ತಿ ಬರುವ ಕಾರು ಅದು. ದೂರು ಒಂದೇ ಮಾತಿನಲ್ಲಿತ್ತು. “ಬೆಳಿಗ್ಗೆ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಬಾನೆಟ್ ಒಳಗೆ ಜೀರುಂಡೆ ಕೂತ ಹಾಗೆ ಸದ್ದು ಬರುತ್ತದೆ. ಕ್ಲಚ್ ಮೇಲೆ ಹೆಬ್ಬೆರಳು ಇಟ್ಟರೆ ಸಾಕು, ತೊಟ್ಟಿಲು ತೂಗಿದ ಮಗುವಿನ ಹಾಗೆ ಸುಮ್ಮನಾಗುತ್ತದೆ ನೋಡಿ.”

ಈ ಸದ್ದಿಗೆ ಒಂದು ಪೂರ್ವಕಥೆ ಇತ್ತು. ಒಂಬತ್ತು ತಿಂಗಳ ಹಿಂದೆ, 71,400 ಕಿ.ಮೀ. ಆಗಿದ್ದಾಗ, ಇದೇ ಜೀರುಂಡೆ ಸದ್ದಿಗಾಗಿ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಪೆಡಲು ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಹೊಸದಾಗಿ ಹಾಕಿದ್ದರು. ಸದ್ದು ನಿಂತಿತು, ಎರಡು ತಿಂಗಳು ನೆಮ್ಮದಿಯಾಗಿತ್ತು, ಆಮೇಲೆ ಮತ್ತೆ ಶುರುವಾಯಿತು. ಎರಡನೆಯ ಸಲ ಅಷ್ಟು ಹಣ ಸುರಿಯಲು ಮನಸ್ಸಾಗದೆ ಮೇಷ್ಟ್ರು ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಬೆರಳಿಟ್ಟರೆ ಸದ್ದು ನಿಲ್ಲುವುದಾದರೆ ಬೆರಳನ್ನು ತೆಗೆಯುವುದೇ ಬೇಡವೆಂದು, ಸುಮಾರು ಏಳು ತಿಂಗಳಿಂದ ಎಡಗಾಲಿನ ತುದಿಯನ್ನು ಪೆಡಲಿನ ಮೇಲೆ ಹಗುರವಾಗಿ ಇಟ್ಟುಕೊಂಡೇ ಕಾರು ಓಡಿಸುತ್ತಿದ್ದರು. ಈ ವಿಷಯ ನಮಗೆ ಮೊದಲ ದಿನವೇ ತಿಳಿಯಲಿಲ್ಲ ಎಂಬುದು ಮುಂದಿನ ಅರ್ಧ ಗೊಂದಲಕ್ಕೆ ಕಾರಣ. ಆದರೆ ಅವರ ಇನ್ನೊಂದು ಅಭ್ಯಾಸ ನಮಗೆ ದೊಡ್ಡ ಉಪಕಾರ ಮಾಡಿತು: ಬಿಚ್ಚಿದ ಹಳೆಯ ಸಾಮಾನನ್ನು ಅವರು ಕೇಳಿ ಪಡೆದು, ದಿನಪತ್ರಿಕೆಯಲ್ಲಿ ಸುತ್ತಿ, ಬಿಲ್ಲಿನ ಸಮೇತ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರು.

ನನ್ನ ಮೊದಲ ಅಂದಾಜು ತಪ್ಪಾಗಿತ್ತು. ಕೀಚಲು ದನಿ, ಕ್ಲಚ್ ಮುಟ್ಟಿದರೆ ವ್ಯತ್ಯಾಸ, ಒಂಬತ್ತು ತಿಂಗಳ ಹಿಂದೆ ಹಾಕಿದ ಬೇರಿಂಗ್, ಇಷ್ಟನ್ನು ಕೇಳಿದ ಕೂಡಲೇ ಕಳಪೆ ರಿಲೀಸ್ ಬೇರಿಂಗ್ ಹಾಕಿರಬೇಕೆಂದು ತೀರ್ಮಾನಿಸಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಕೂಡ ಮಾಡಿಬಿಟ್ಟೆ. ಅಂಗಡಿಯಲ್ಲಿ ಆ ದಿನ ಮಾಲಿಲ್ಲದ್ದು ಒಳ್ಳೆಯದಾಯಿತು. ಗೇರ್‌ಬಾಕ್ಸ್ ಇಳಿಸುವುದು ಇಬ್ಬರು ಆಳುಗಳ ಒಂದು ದಿನದ ಕೆಲಸ. ಬೇರಿಂಗಿಗಾಗಿ ಕಾಯುವ ಆ ದಿನವನ್ನು ವ್ಯರ್ಥ ಮಾಡದೆ ಕಾರನ್ನು ಬಿಚ್ಚುವ ಮೊದಲೇ ಕೂತು ಕೇಳೋಣವೆಂದು, ಐಟಿಐ ಮುಗಿಸಿ ನಮ್ಮಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನನ್ನು ಪೆಡಲಿನ ಬಳಿ ಕೂರಿಸಿದೆ.

ಯಾವ ಸ್ಥಿತಿಯಲ್ಲಿ ಏನು ತಿರುಗುತ್ತದೆ

ಕ್ಲಚ್ಚಿನ ಸದ್ದನ್ನು ದನಿಯಿಂದ ಗುರುತಿಸಲು ಹೋದರೆ ಮೋಸಹೋಗುವುದೇ ಹೆಚ್ಚು. ಕೀಚಲು, ಗೊರಗೊರ, ಕಟಕಟ ಎಂಬ ಪದಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ ಪಡೆಯುತ್ತವೆ. ನಂಬಬಹುದಾದ ಸಂಗತಿ ಒಂದೇ: ಪೆಡಲು ಎಲ್ಲಿದ್ದಾಗ ಸದ್ದು ಬರುತ್ತದೆ, ಎಲ್ಲಿಗೆ ಬಂದಾಗ ನಿಲ್ಲುತ್ತದೆ. ಕಾರು ನಿಂತಿದೆ, ಗೇರು ನ್ಯೂಟ್ರಲ್‌ನಲ್ಲಿದೆ, ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತಿನಲ್ಲಿ ಓಡುತ್ತಿದೆ, ಪೆಡಲಿನ ಮೇಲೆ ಕಾಲಿಲ್ಲ ಎಂದಿಟ್ಟುಕೊಳ್ಳಿ. ಆಗ ಇಂಜಿನ್ನಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್, ಅದಕ್ಕೆ ಬೋಲ್ಟ್ ಹಾಕಿದ ಪ್ರೆಷರ್ ಪ್ಲೇಟ್, ಇವೆರಡರ ನಡುವೆ ಅದುಮಿಕೊಂಡ ಕ್ಲಚ್ ಪ್ಲೇಟ್, ಆ ಪ್ಲೇಟಿನ ನಡುವೆ ತೂರಿದ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್, ಆ ಶಾಫ್ಟನ್ನು ಹೊತ್ತ ಬೇರಿಂಗುಗಳು, ಎಲ್ಲವೂ ಇಂಜಿನ್ನಿನ ವೇಗದಲ್ಲೇ ತಿರುಗುತ್ತವೆ. ಈ ಕಾರಿನಂಥ ವೈರ್ ಕ್ಲಚ್ಚಿನಲ್ಲಿ ರಿಲೀಸ್ ಬೇರಿಂಗ್ ಮಾತ್ರ ಯಾವುದಕ್ಕೂ ತಾಗದೆ ಸುಮ್ಮನೆ ನಿಂತಿರಬೇಕು.

ಪೆಡಲನ್ನು ಒಂದಿಷ್ಟು ಒತ್ತಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು, ಪ್ರೆಷರ್ ಪ್ಲೇಟನ್ನು ಅದುಮಿ ಹಿಡಿಯುವ ತಟ್ಟೆಯಂಥ ಡಯಾಫ್ರಮ್ ಸ್ಪ್ರಿಂಗಿನ ಬೆರಳುಗಳಿಗೆ ತಾಗುತ್ತದೆ ಮತ್ತು ಅವುಗಳ ಜೊತೆ ತಿರುಗತೊಡಗುತ್ತದೆ; ಉಳಿದದ್ದರಲ್ಲಿ ಬದಲಾವಣೆ ಇಲ್ಲ. ಪೂರ್ತಿ ಒತ್ತಿದಾಗ ಬೇರಿಂಗಿನ ಮೇಲೆ ಸ್ಪ್ರಿಂಗಿನ ಪೂರ್ಣ ಭಾರ ಬೀಳುತ್ತದೆ, ಪ್ಲೇಟ್ ಸಡಿಲವಾಗುತ್ತದೆ, ಇನ್‌ಪುಟ್ ಶಾಫ್ಟ್ ಒಂದೆರಡು ಸೆಕೆಂಡಿನಲ್ಲಿ ನಿಧಾನಿಸಿ ನಿಲ್ಲುತ್ತದೆ. ಈ ಮೂರು ಸ್ಥಿತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಬಹುಮಟ್ಟಿಗೆ ಲೆಕ್ಕದ ಕೆಲಸ. ಒತ್ತಿದಷ್ಟೂ ಹೆಚ್ಚುವ ಸದ್ದು ಭಾರ ಹೊತ್ತ ರಿಲೀಸ್ ಬೇರಿಂಗಿನದು. ಕಾಲು ತೆಗೆದಾಗ ಇದ್ದು, ಪೂರ್ತಿ ಒತ್ತಿದಾಗ ಅಡಗುವ ಸದ್ದು ಗೇರ್‌ಬಾಕ್ಸಿನ ಒಳಗಿನದು. ಬರೀ ಬೆರಳು ತಾಗಿಸಿದ ಕ್ಷಣಕ್ಕೆ ನಿಲ್ಲುವ ಸದ್ದು ಇವೆರಡೂ ಅಲ್ಲ. ಯಾವುದೋ ಸಡಿಲವಾಗಿ ಅಲುಗುತ್ತಿದ್ದದ್ದು ಅಥವಾ ಅರೆಬರೆ ಉಜ್ಜುತ್ತಿದ್ದದ್ದು ಆ ಹಗುರ ಒತ್ತಡಕ್ಕೆ ಬಿಗಿಯಾಗಿ ಕೂತಿತು ಎಂದು ಅರ್ಥ.

ನಮ್ಮ ಕಡೆಯ ಎಸ್ಟೇಟ್ ಜೀಪುಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಸಾಲು ಸೇರುತ್ತದೆ. ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರಕ್ಕೆ ಎಳೆತ ಕೊಡುವ ಅಂಥ ಗಾಡಿಗಳಲ್ಲಿ ಇನ್‌ಪುಟ್ ಶಾಫ್ಟಿನ ಮೂತಿ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ತುದಿಯ ಸಣ್ಣ ಪೈಲಟ್ ಬೇರಿಂಗಿನಲ್ಲೋ ಬುಷ್ಷಿನಲ್ಲೋ ಕೂತಿರುತ್ತದೆ. ಗಾಡಿ ನಿಂತಿರುವಾಗ ಕ್ಲಚ್ ಪೂರ್ತಿ ತುಳಿದು ಗೇರಿಗೆ ಹಾಕಿದರೆ ಶಾಫ್ಟ್ ನಿಂತಿರುತ್ತದೆ, ಕ್ರ್ಯಾಂಕ್ ತಿರುಗುತ್ತಿರುತ್ತದೆ. ಪೈಲಟ್ ಬೇರಿಂಗ್ ಕೆಟ್ಟಿದ್ದರೆ ಆಗ ಅರಚುತ್ತದೆ. ಮೇಷ್ಟ್ರ ಕಾರಿನಲ್ಲಿ ಆ ಬೇರಿಂಗೇ ಇಲ್ಲ. ಹಾಗೆಯೇ, ಹೊಸ ಕಾರುಗಳಲ್ಲಿ ಸಾಮಾನ್ಯವಾಗುತ್ತಿರುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ರಿಲೀಸ್ ಬೇರಿಂಗ್ ಯಾವಾಗಲೂ ಬೆರಳುಗಳಿಗೆ ತಾಗಿಕೊಂಡೇ ಇರುವಂತೆ ಮಾಡಿರುವುದೇ ಹೆಚ್ಚು. ಅಲ್ಲಿ ಈ ಬರಹದ ವೈರ್ ತಿರುಗಿಸುವ ಭಾಗ ಅನ್ವಯಿಸುವುದಿಲ್ಲ.

ಕೇಳಿದ ಕ್ರಮ

ಮೊದಲು ಇಂಜಿನ್ ಆಫ್ ಇದ್ದಾಗಲೇ ಹುಡುಗನಿಗೆ ಪೆಡಲನ್ನು ನಿಧಾನವಾಗಿ ಒತ್ತಿ ಬಿಡಲು ಹೇಳಿದೆ. ಕಿರ್ ಎಂಬ ಸಣ್ಣ ಸದ್ದು ಬಂತು. ಅದು ಡ್ಯಾಶ್‌ಬೋರ್ಡಿನ ಕೆಳಗೆ ಪೆಡಲು ತಿರುಗುವ ಬುಷ್ಷಿನದು. ಒಂದು ತೊಟ್ಟು ಗ್ರೀಸಿಗೆ ಮುಗಿಯಿತು. ಇಂಥ ಚಿಲ್ಲರೆ ಸದ್ದನ್ನು ಮೊದಲೇ ತೆಗೆದುಹಾಕದಿದ್ದರೆ ಅದು ಮುಂದಿನ ಪ್ರತಿ ಪರೀಕ್ಷೆಯಲ್ಲೂ ಸುಳ್ಳು ಸಾಕ್ಷಿ ಹೇಳುತ್ತದೆ.

ಎರಡನೆಯ ಅನುಮಾನ ಬೆಲ್ಟಿನದು. ಮಳೆಗಾಲದ ಬೆಳಗಿನಲ್ಲಿ ಆಲ್ಟರ್ನೇಟರ್ ಬೆಲ್ಟ್ ಕೂಗುವುದು ಮಲೆನಾಡಿನಲ್ಲಿ ದಿನದ ಮಾತು, ಮತ್ತು ಅದರ ದನಿಯೂ ಜೀರುಂಡೆಯದೇ. ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿ, ಸದ್ದು ಬರುತ್ತಿರುವಾಗಲೇ ಬೆಲ್ಟಿನ ಒಳಮುಖಕ್ಕೆ ಸೀಸೆಯಿಂದ ಸ್ವಲ್ಪ ನೀರು ಚಿಮುಕಿಸಿದೆವು. ದನಿ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಹುಡುಗ ಪೆಡಲಿಗೆ ಬೆರಳು ತಾಗಿಸಿದ, ತಟ್ಟನೆ ನಿಂತಿತು. ತೆಗೆದ; ಬಂತು. ಆರು ಸಲ ಮಾಡಿದರೂ ಆರು ಸಲವೂ ಅದೇ ಉತ್ತರ. ಬೆಲ್ಟಿಗೂ ಪೆಡಲಿಗೂ ಹೀಗೆ ಮಾತುಕತೆ ಇರಲು ಸಾಧ್ಯವಿಲ್ಲ.

ಪೂರ್ತಿ ಒತ್ತಿ ಹಿಡಿದಾಗ ಜೀರುಂಡೆ ಸದ್ದು ಮರಳಲಿಲ್ಲ. ಹತ್ತು ಸೆಕೆಂಡು ಹಿಡಿದರೂ ಬೇರಿಂಗ್ ಭಾರದಡಿಯಲ್ಲಿ ಮೌನವಾಗಿತ್ತು. ಸ್ಟೆತಸ್ಕೋಪಿನ ಕಡ್ಡಿಯನ್ನು ಕ್ಲಚ್ಚನ್ನು ಮುಚ್ಚಿದ ಕವಚವಾದ ಬೆಲ್ ಹೌಸಿಂಗಿನ ಮೇಲೆ, ಬೇರಿಂಗನ್ನು ತಳ್ಳುವ ಫೋರ್ಕ್ ಹೊರಬರುವ ಜಾಗದ ಹತ್ತಿರ ಇಟ್ಟು ಕೇಳಿದಾಗಲೂ ಅದೇ. ಕೆಟ್ಟ ಬೇರಿಂಗ್ ಭಾರ ಬಿದ್ದಾಗ ಗೋಳಾಡಬೇಕು, ಭಾರ ಇಳಿದಾಗ ಸುಮ್ಮನಿರಬೇಕು. ಇಲ್ಲಿ ನಡೆಯುತ್ತಿದ್ದದ್ದು ಉಲ್ಟಾ. ನಾನು ಫೋನಿನಲ್ಲಿ ಹೇಳಿದ್ದ ಬೇರಿಂಗ್ ಕಥೆ ಅಲ್ಲಿಗೆ ಬಿದ್ದುಹೋಯಿತು.

ವೈರಿನ ತುದಿಯಲ್ಲಿ ಕಂಡದ್ದು

ಬೆರಳಿಟ್ಟರೆ ನಿಲ್ಲುವ ಸದ್ದಿಗೆ ಉತ್ತರ ಹುಡುಕಬೇಕಾದದ್ದು ಪೆಡಲು ಮತ್ತು ಬೇರಿಂಗಿನ ನಡುವಿನ ಫ್ರೀ ಪ್ಲೇಯಲ್ಲಿ, ಅಂದರೆ ಬಿಟ್ಟಿರಬೇಕಾದ ಸಡಿಲದಲ್ಲಿ. ಈ ಕಾರಿನ ಕೈಪಿಡಿಯಂತೆ ಪೆಡಲು 15ರಿಂದ 25 ಮಿ.ಮೀ. ವರೆಗೆ ಯಾವ ಭಾರವೂ ಇಲ್ಲದೆ ಸರಿಯಬೇಕು. ಗೇರ್‌ಬಾಕ್ಸಿನ ಹೊರಗೆ ಕಾಣುವ ಫೋರ್ಕಿನ ತೋಳಿನ ತುದಿಯಲ್ಲಿ ಅದು 2ರಿಂದ 4 ಮಿ.ಮೀ. ಪೆಡಲಿನ ಪಕ್ಕಕ್ಕೆ ಸ್ಕೇಲ್ ಹಿಡಿದು ಕೈಯಿಂದಲೇ ಒತ್ತಿ ನೋಡಿದೆವು. ಎರಡು ಮಿ.ಮೀ. ಕೂಡ ಸರಿಯುವ ಮೊದಲೇ ಸ್ಪ್ರಿಂಗಿನ ಬಿಗಿ ಕೈಗೆ ಸಿಕ್ಕಿತು. ತೋಳಿನ ತುದಿಯನ್ನು ಬೆರಳಿನಿಂದ ಅಲ್ಲಾಡಿಸಿದರೆ ಅಲ್ಲಾಡಲೇ ಇಲ್ಲ. ಅಂದರೆ ನಿಂತಿರಬೇಕಾದ ರಿಲೀಸ್ ಬೇರಿಂಗ್ ಸದಾಕಾಲ ಡಯಾಫ್ರಮ್ ಬೆರಳುಗಳಿಗೆ ಸವರಿಕೊಂಡಿತ್ತು. ಬಿಟ್ಟು ನಿಲ್ಲಲು ಜಾಗವಿಲ್ಲ, ಸರಿಯಾಗಿ ಹಿಡಿದು ತಿರುಗಲು ಒತ್ತಡವಿಲ್ಲ. ಬೆಳಗಿನ ಚಳಿಗೆ ಒಳಗಿನ ಗ್ರೀಸ್ ಗಟ್ಟಿಯಾಗಿದ್ದಾಗ ಬೇರಿಂಗ್ ತಿರುಗಲು ಸೋಮಾರಿತನ ಮಾಡಿ ಬೆರಳುಗಳ ಮೇಲೆ ಜಾರುತ್ತದೆ. ಆ ಜಾರಾಟವೇ ಜೀರುಂಡೆ. ಹೆಬ್ಬೆರಳಿನ ಭಾರ ಬಿದ್ದ ಕ್ಷಣ ಹಿಡಿತ ಸಿಕ್ಕಿ ಒಟ್ಟಿಗೆ ತಿರುಗುತ್ತದೆ, ಸದ್ದು ನಿಲ್ಲುತ್ತದೆ. ಇಂಜಿನ್ ಕಾದ ಮೇಲೆ ಸದ್ದು ಕಡಿಮೆಯಾಗುತ್ತಿತ್ತೆಂದು ಮೇಷ್ಟ್ರು ಹೇಳಿದ್ದೂ ಇದಕ್ಕೆ ಹೊಂದಿತು.

ಹಾಗಾದರೆ ಹೊಸ ಕ್ಲಚ್ ಹಾಕಿದಾಗ ಸದ್ದು ನಿಂತು ಎರಡು ತಿಂಗಳ ಮೇಲೆ ಮರಳಿದ್ದು ಏಕೆ? ಇಲ್ಲಿ ಅನೇಕರಿಗೆ, ಕೆಲಸ ಬಲ್ಲವರಿಗೂ, ಅಡಿಮೇಲಾಗಿ ತೋಚುವ ಒಂದು ಸಂಗತಿ ಇದೆ. ಕ್ಲಚ್ ಪ್ಲೇಟ್ ಸವೆದರೆ ಪೆಡಲಿನಲ್ಲಿ ಸಡಿಲ ಹೆಚ್ಚಬೇಕೆಂದು ಸಹಜವಾಗಿ ಅನಿಸುತ್ತದೆ, ವಾಸ್ತವದಲ್ಲಿ ಕಡಿಮೆಯಾಗುತ್ತದೆ. ಪ್ಲೇಟ್ ತೆಳುವಾದಂತೆ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಡಯಾಫ್ರಮ್ ಸ್ಪ್ರಿಂಗ್ ಸನ್ನೆಗೋಲಿನಂತೆ ಮಗುಚಿ ಅದರ ಒಳಬೆರಳುಗಳು ಬೇರಿಂಗಿನ ಕಡೆಗೆ ಎದ್ದುಬರುತ್ತವೆ, ಅದೂ ಸವೆದದ್ದರ ಮೂರು ನಾಲ್ಕು ಪಟ್ಟು. ಹಾಗಾಗಿ ಪ್ಲೇಟಿನಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗ ಹೋದರೆ ಫ್ರೀ ಪ್ಲೇ ಪೂರ್ತಿ ಮಾಯವಾಗಬಹುದು. ಹೊಸ ಪ್ಲೇಟ್ ಮೊದಲ ದಿನಗಳಲ್ಲಿ ಹೊಂದಿಕೊಳ್ಳುವಾಗ ಸ್ವಲ್ಪ ಬೇಗ ಸವೆಯುತ್ತದೆ. ವೈರನ್ನು ಆಗ ಕನಿಷ್ಠ ಸಡಿಲಕ್ಕೆ ಕಟ್ಟಿದ್ದರೆ ಘಾಟಿಯ ತಿರುವುಗಳಲ್ಲಿ ಹಾಫ್ ಕ್ಲಚ್ ಹಿಡಿಯುವ ಕಾರಿಗೆ ಎರಡು ತಿಂಗಳು ಸಾಕು. ಕ್ಲಚ್ ಹೊಸದು ಹಾಕಿದ ಸಾವಿರ ಕಿ.ಮೀ. ಸುಮಾರಿಗೆ ವೈರನ್ನು ಮತ್ತೊಮ್ಮೆ ನೋಡಿ ಕಟ್ಟಬೇಕೆಂಬುದು ಇದಕ್ಕೇ. ಆ ಎರಡನೆಯ ಭೇಟಿಗೆ ಮೇಷ್ಟ್ರನ್ನು ಯಾರೂ ಕರೆದಿರಲಿಲ್ಲ.

ಇನ್ನು ಡಿಕ್ಕಿಯಲ್ಲಿದ್ದ ಹಳೆಯ ಪ್ಲೇಟು. ಪತ್ರಿಕೆ ಬಿಡಿಸಿ, ಒರೆಸಿ, ವರ್ನಿಯರಿನ ಆಳದ ಕಡ್ಡಿಯನ್ನು ಒಂದೊಂದು ರಿವೆಟ್ಟಿನ ಗುಳಿಗೂ ಇಳಿಸಿ ಅಳೆದೆವು. ಎಲ್ಲಕ್ಕಿಂತ ಕಡಿಮೆ ಆಳದ್ದು 0.9 ಮಿ.ಮೀ. ರಿವೆಟ್ ತಲೆಯ ಮೇಲೆ 0.5 ಮಿ.ಮೀ. ಉಳಿಯುವವರೆಗೂ ಪ್ಲೇಟ್ ಬಳಸಬಹುದೆಂದು ಈ ಕಾರಿನ ಲೆಕ್ಕ. ಹಳೆಯ ರಿಲೀಸ್ ಬೇರಿಂಗನ್ನು ಅಂಗೈಯಲ್ಲಿ ಒತ್ತಿ ತಿರುಗಿಸಿದರೆ ನುಣ್ಣಗೆ ತಿರುಗಿತು. 71,400 ಕಿ.ಮೀ. ಓಡಿದ, ಘಾಟಿ ಹತ್ತುವ ಕಾರಿಗೆ ಕ್ಲಚ್ ಬದಲಿಸಿದ್ದನ್ನು ನಾನು ಅನ್ಯಾಯವೆನ್ನಲಾರೆ. ಆದರೆ ಆ ಸದ್ದಿಗೆ ಅದು ಮದ್ದಾಗಿರಲಿಲ್ಲ. ಸದ್ದು ನಿಂತದ್ದು ಕ್ಲಚ್ ಹೊಸದಾದದ್ದರಿಂದಲ್ಲ, ಕೆಲಸದ ಕೊನೆಗೆ ವೈರನ್ನು ಮತ್ತೆ ಕಟ್ಟಿದ್ದರಿಂದ.

ವೈರಿನ ತುದಿಯ ಲಾಕ್ ನಟ್ ಸಡಿಲಿಸಿ, ತೋಳಿನ ತುದಿಯಲ್ಲಿ 3 ಮಿ.ಮೀ. ಸಿಗುವಂತೆ ಬಿಟ್ಟೆವು, ಪೆಡಲಿನಲ್ಲಿ 20 ಮಿ.ಮೀ. ಬಂತು. ಸಡಿಲ ಹೆಚ್ಚಾಗಿ ಕ್ಲಚ್ ಪೂರ್ತಿ ಬಿಡದಿರಬಾರದಲ್ಲ, ಅದಕ್ಕಾಗಿ ಪೆಡಲು ತುಳಿದು ಐದು ಸೆಕೆಂಡು ಕಾದು ರಿವರ್ಸ್ ಹಾಕಿ ನೋಡಿದೆವು. ಹಲ್ಲು ಕಡಿಯದೆ ಬಿತ್ತು. ಜೀರುಂಡೆ ಇಲ್ಲ. ಖರ್ಚು, ಒಂದು ಸ್ಪ್ಯಾನರ್ ಮತ್ತು ಕಾಲು ಗಂಟೆ.

ಅದರ ಹಿಂದೆ ಅಡಗಿದ್ದ ಇನ್ನೊಂದು

ಮೇಷ್ಟ್ರು ಸಂತೋಷದಿಂದ ಪರ್ಸ್ ತೆಗೆದಿದ್ದರು, ನಾನು ಬಾನೆಟ್ ಮುಚ್ಚಲು ಕೈ ಹಾಕಿದ್ದೆ. ಆಗ ಹುಡುಗ, “ಅಣ್ಣ, ಒಂದು ನಿಮಿಷ, ಇದೇನು ಬೀಸುವ ಕಲ್ಲಿನ ಹಾಗೆ?” ಎಂದ. ಕೀಚಲು ದನಿ ನಿಂತ ಮೇಲೆಯೇ ಕೇಳಿಸುವಷ್ಟು ಮಂದವಾದ ಗುರ್ ಎನ್ನುವ ಸದ್ದೊಂದು ಅಲ್ಲಿತ್ತು. ಪೆಡಲಿಗೆ ಬೆರಳಿಟ್ಟರೆ ಅದಕ್ಕೆ ಏನೂ ಆಗಲಿಲ್ಲ. ಪೂರ್ತಿ ಒತ್ತಿದಾಗ ಎರಡು ಸೆಕೆಂಡಿನಲ್ಲಿ ಇಳಿಯುತ್ತಾ ಬಂದು ನಿಂತಿತು. ಪೆಡಲು ಬಿಟ್ಟಾಗ ಮತ್ತೆ ಎದ್ದಿತು. ತಟ್ಟನೆ ನಿಲ್ಲದೆ ಹೀಗೆ ಇಳಿದು ನಿಲ್ಲುವುದೇ ಇನ್‌ಪುಟ್ ಶಾಫ್ಟಿನ ಸಹಿ. ಇಂಜಿನ್ನಿನಿಂದ ಬಿಡುಗಡೆಯಾದ ಶಾಫ್ಟ್ ತನ್ನ ವೇಗ ಕಳೆದುಕೊಳ್ಳುವಷ್ಟು ಹೊತ್ತು ಸದ್ದೂ ಅದರ ಜೊತೆ ಇಳಿಯುತ್ತದೆ.

ದೂರಿನಲ್ಲಿ ಈ ಸದ್ದಿನ ಪ್ರಸ್ತಾಪವೇ ಇರಲಿಲ್ಲ. ಕೇಳಿದಾಗ ಮೇಷ್ಟ್ರು, ರಸ್ತೆಯಲ್ಲಿ ಸ್ವಲ್ಪ ಗುಂಯ್ ಎನ್ನುತ್ತದೆ, ಟೈರು ಹಳೆಯದಾಗಿದೆಯಲ್ಲ, ಅದರದೇ ಇರಬೇಕು ಎಂದರು. ಬೇಲೂರು ರಸ್ತೆಯ ನೇರವಾದ, ಖಾಲಿ ಭಾಗದಲ್ಲಿ ಓಡಿಸಿ ನೋಡಿದೆವು. 50 ಕಿ.ಮೀ. ವೇಗದಲ್ಲಿ ಮೂರನೆಯ ಗೇರಿನಲ್ಲಿ ಗುಂಯ್ ಎತ್ತರದ ಶ್ರುತಿಯಲ್ಲಿತ್ತು, ಅದೇ ವೇಗದಲ್ಲಿ ಐದನೆಯ ಗೇರಿಗೆ ಬಂದಾಗ ಕೆಳಗಿಳಿಯಿತು. ಟೈರಿನದೋ ಚಕ್ರದ ಬೇರಿಂಗಿನದೋ ಆಗಿದ್ದರೆ ರಸ್ತೆಯ ವೇಗ ಬದಲಾಗದೆ ಅದರ ಶ್ರುತಿ ಬದಲಾಗುತ್ತಿರಲಿಲ್ಲ; ತಿರುವಿನಲ್ಲಿ ಒಂದು ಪಕ್ಕಕ್ಕೆ ಭಾರ ಬಿದ್ದಾಗ ಏರಿಳಿಯುವುದು ಚಕ್ರದ ಬೇರಿಂಗಿನ ಗುಣ, ಅದೂ ಇಲ್ಲಿರಲಿಲ್ಲ. ಕೊನೆಗೆ ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ, ಪೆಡಲು ಒತ್ತಿಕೊಂಡೇ ಕಾರು ಉರುಳಲು ಬಿಟ್ಟಾಗ ಗುಂಯ್ ಮಾಯವಾಗಿ ಟೈರಿನ ಸದ್ದಷ್ಟೇ ಉಳಿಯಿತು. ಈ ಪರೀಕ್ಷೆಯನ್ನು ಸಮತಟ್ಟು ರಸ್ತೆಯಲ್ಲಿ ಮಾತ್ರ ಮಾಡಬೇಕು. ಘಾಟಿಯಲ್ಲಿ ನ್ಯೂಟ್ರಲ್ ಮಾಡುವವರಿಗೆ ಹೇಳಲು ನನ್ನ ಬಳಿ ಒಳ್ಳೆಯ ಮಾತಿಲ್ಲ. ಇಂಜಿನ್ ಉದ್ದಕ್ಕೆ ಕೂತ ಗಾಡಿಗಳಲ್ಲಿ ನಾಲ್ಕನೆಯ ಗೇರು ನೇರ ಜೋಡಣೆಯಾಗಿದ್ದರೆ ಅಲ್ಲಿ ಸದ್ದು ತಗ್ಗುವುದನ್ನು ನೋಡಿ, ನಡುವಿನ ಶಾಫ್ಟಾದ ಕೌಂಟರ್ ಶಾಫ್ಟಿನ ದೋಷ ಹಿಡಿಯುವ ಹಳೆಯ ಉಪಾಯವೊಂದಿದೆ. ಎರಡೇ ಶಾಫ್ಟಿನ ಈ ಗೇರ್‌ಬಾಕ್ಸಿನಲ್ಲಿ ನೇರ ಗೇರು ಇಲ್ಲದ್ದರಿಂದ ಅದು ನಡೆಯುವುದಿಲ್ಲ.

ಗ್ಯಾರೇಜಿಗೆ ಮರಳಿ ಹಳೆಯ ಬಿಲ್ಲನ್ನು ಎರಡನೆಯ ಸಲ ಓದಿದೆ. ಕ್ಲಚ್ ಸೆಟ್, ಕೂಲಿ, ಗ್ರೀಸ್, ಇಷ್ಟೇ ಇತ್ತು. ಗೇರ್ ಆಯಿಲಿನ ಸಾಲು ಇಲ್ಲ, ಆಯಿಲ್ ಸೀಲಿನ ಸಾಲೂ ಇಲ್ಲ. ಈ ಬಗೆಯ ಕಾರಿನಲ್ಲಿ ಗೇರ್‌ಬಾಕ್ಸ್ ಇಳಿಸಬೇಕಾದರೆ ಚಕ್ರಗಳಿಗೆ ಹೋಗುವ ಎರಡೂ ಕಡೆಯ ಡ್ರೈವ್ ಶಾಫ್ಟನ್ನು ಕಿತ್ತೆಳೆಯಬೇಕು. ಆಗ ಆಯಿಲ್ ಬಸಿಯದೆ ಇರುವುದಿಲ್ಲ, ಮತ್ತೆ ಶಾಫ್ಟ್ ತೂರಿಸುವಾಗ ಅದರ ಹಲ್ಲು ಸೀಲಿನ ತುಟಿಯನ್ನು ಗೀರುವುದು ಬಹಳ ಸುಲಭ. ಕಾರನ್ನು ಎತ್ತಿ ನೋಡಿದರೆ ಎಡಗಡೆಯ ಶಾಫ್ಟ್ ಗೇರ್‌ಬಾಕ್ಸಿಗೆ ಸೇರುವ ಜಾಗದ ಸುತ್ತ ಆಯಿಲ್ ಜಿನುಗಿ ಕೆಂಪು ಧೂಳು ಹಿಡಿದು ಗಟ್ಟಿಯಾಗಿತ್ತು. ಮೇಷ್ಟ್ರ ಮನೆಯಂಗಳ ಜಲ್ಲಿಯದು. ಹನಿ ಬಿದ್ದದ್ದು ಕಾಣುವಂತಿರಲಿಲ್ಲ. ಡ್ರೈನ್ ಪ್ಲಗ್ ಬಿಚ್ಚಿ ಅಳತೆಯ ಜಗ್ಗಿಗೆ ಇಳಿಸಿದಾಗ 2.2 ಲೀಟರ್ ಇರಬೇಕಾದಲ್ಲಿ ಬಂದದ್ದು 1.3 ಲೀಟರ್. ಬಿಸಿಲಿಗೆ ಹಿಡಿದರೆ ಆಯಿಲಿನಲ್ಲಿ ಬೆಳ್ಳಿ ಪುಡಿ ಕದಡಿದಂತೆ ಹೊಳಪು. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಕೆಸರು ಮೀಸೆ ಬಂದಂತೆ ಅಂಟಿತ್ತು.

ಇಂಥ ಗೇರ್‌ಬಾಕ್ಸಿನಲ್ಲಿ ಆಯಿಲನ್ನು ಮೇಲಕ್ಕೆ ಒಯ್ಯಲು ಪಂಪು ಇಲ್ಲ. ತಳದಲ್ಲಿರುವ, ಎರಡೂ ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್ಲಿನ ದೊಡ್ಡ ಗೇರು ಆಯಿಲಿನಲ್ಲಿ ಮುಳುಗಿ ತಿರುಗುತ್ತಾ ಮೇಲಕ್ಕೆ ಚಿಮ್ಮಿಸುತ್ತದೆ, ಆ ಚಿಮ್ಮುವಿಕೆಯೇ ಮೇಲಿನ ಶಾಫ್ಟುಗಳ ಬೇರಿಂಗಿಗೆ ಜೀವ. ಮಟ್ಟ ಇಳಿದಾಗ ಮೊದಲು ಒಣಗುವುದು ಎತ್ತರದಲ್ಲಿ ಕೂತ ಇನ್‌ಪುಟ್ ಶಾಫ್ಟಿನ ಬೇರಿಂಗ್, ಅದರಲ್ಲೂ ಏರು ಇಳಿವಿನಲ್ಲಿ ಇರುವ ಆಯಿಲೂ ಒಂದು ಪಕ್ಕಕ್ಕೆ ಸರಿದಾಗ. ಹೀಗೆ ಕೀಚಲು ಸದ್ದಿಗಾಗಿ ಮಾಡಿದ ರಿಪೇರಿಯೇ ಗುರುಗುಡುವ ಸದ್ದನ್ನು ಹುಟ್ಟಿಸಿತ್ತು, ಮತ್ತು ಮರಳಿ ಬಂದ ಕೀಚಲಿನ ಕಡೆಗೇ ಗಮನವಿದ್ದದ್ದರಿಂದ ಅದು ದೂರಿನ ತನಕ ಬಂದೇ ಇರಲಿಲ್ಲ. ಮೊದಲನೆಯದರಿಂದ ಕಿವಿಗೆ ಕಿರಿಕಿರಿ ಮತ್ತು ಮೆಲ್ಲನೆ ಸವೆತ, ಅಷ್ಟೇ. ಎರಡನೆಯದನ್ನು ಹಾಗೇ ಬಿಟ್ಟಿದ್ದರೆ ಬೇರಿಂಗ್ ಪುಡಿಯಾಗಿ ಶಾಫ್ಟ್ ಸಿಕ್ಕಿಕೊಳ್ಳಬಹುದಿತ್ತು.

ನೈಂಟಿ ಎಂದು ಕರೆಯುವ ದಪ್ಪ ಗೇರ್ ಆಯಿಲ್ ತುಂಬಿಸಿ ಸದ್ದನ್ನು ತಗ್ಗಿಸಿ ಕಳಿಸುವ ದಾರಿಯೂ ಇತ್ತು. ಸೆಕೆಂಡ್ ಹ್ಯಾಂಡ್ ಕಾರು ಮಾರುವಾಗ ಕೆಲವರು ಮಾಡುವುದು ಅದನ್ನೇ. ಕೆಲವು ವಾರ ಮೌನವಾಗುತ್ತದೆ, ಚಳಿಯಲ್ಲಿ ಗೇರು ಬೀಳಲು ಕಷ್ಟವಾಗುತ್ತದೆ, ಒಳಗಿನ ಪುಡಿ ಒಳಗೇ ಇರುತ್ತದೆ. ಮೇಷ್ಟ್ರಿಗೆ ಎರಡೂ ದಾರಿಯನ್ನು ಬಿಡಿಸಿ ಹೇಳಿ, ಗೇರ್‌ಬಾಕ್ಸ್ ಇಳಿಸಲೇಬೇಕೆಂದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಗಲೇ ಅವರು ಕಾಲಿನ ಗುಟ್ಟನ್ನು ಹೇಳಿದ್ದು: “ಏಳು ತಿಂಗಳಿಂದ ಕ್ಲಚ್ ಮೇಲೆ ಕಾಲಿಟ್ಟೇ ಓಡಿಸಿದ್ದೇನೆ ಮಾರಾಯರೆ, ಅದರಿಂದ ಆದದ್ದಾ ಇದು?”

ಬಿಚ್ಚಿದ ಮೇಲೆ

ಗುರ್ ಸದ್ದು ಅವರ ಕಾಲಿನಿಂದ ಆದದ್ದಲ್ಲ. ಆದರೆ ಕಾಲಿನ ಗುರುತು ಒಳಗಿತ್ತು. ಡಯಾಫ್ರಮ್ ಬೆರಳುಗಳ ತುದಿಯಲ್ಲಿ, ಒಂಬತ್ತು ತಿಂಗಳ ಪ್ರೆಷರ್ ಪ್ಲೇಟಿನಲ್ಲಿ ಇರಬಾರದಷ್ಟು ಸ್ಪಷ್ಟವಾಗಿ, ಬೇರಿಂಗ್ ಕೂತು ತಿರುಗಿದ ಹೊಳೆಯುವ ಬಳೆಯೊಂದು ಮೂಡಿತ್ತು. ಉಗುರು ಎಳೆದರೆ ಸಣ್ಣಗೆ ತಡೆಯುತ್ತಿತ್ತು. ಪ್ಲೇಟಿನ ಮುಖದಲ್ಲಿ ಎರಡು ಕಡೆ ಗಾಜಿನಂಥ ಮಿನುಗು, ಅಂದರೆ ಅದು ಅಲ್ಲಿ ಸ್ವಲ್ಪ ಜಾರಿದೆ. ರಿವೆಟ್ ಆಳ ಚೆನ್ನಾಗಿತ್ತು. ಪ್ಲೇಟಿನ ಡ್ಯಾಂಪರ್ ಸ್ಪ್ರಿಂಗುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆವು, ಸಡಿಲವಿರಲಿಲ್ಲ. ಕ್ರ್ಯಾಂಕಿನ ಹಿಂದಿನ ಸೀಲಿನಲ್ಲಿ ಜಿನುಗು ಇರಲಿಲ್ಲ, ಇಂಜಿನ್ ಆಯಿಲ್ ಕ್ಲಚ್ಚಿಗೆ ಹಾರಿರಲಿಲ್ಲ. ಏಳು ತಿಂಗಳು ಪೆಡಲಿನ ಭಾರ ಕ್ರ್ಯಾಂಕನ್ನು ಉದ್ದಕ್ಕೆ ತಳ್ಳಿದ್ದರಿಂದ, ಆ ತಳ್ಳುವಿಕೆಯನ್ನು ತಡೆಯುವ ಥ್ರಸ್ಟ್ ವಾಷರ್ ಬಗ್ಗೆ ನನಗೆ ಅಳುಕಿತ್ತು. ಡಯಲ್ ಗೇಜ್ ಹಿಡಿದು ಹಿಂದೆ ಮುಂದೆ ನೂಕಿದಾಗ 0.17 ಮಿ.ಮೀ. ಬಂತು, ಚಿಂತೆಯಿಲ್ಲ. ಪ್ರೆಷರ್ ಪ್ಲೇಟ್ ಮತ್ತು ಕ್ಲಚ್ ಪ್ಲೇಟನ್ನು ಉಳಿಸಿಕೊಂಡೆವು, ಮಿನುಗನ್ನು ಮರಳು ಕಾಗದದಿಂದ ಹಗುರವಾಗಿ ತೆಗೆದೆವು. ರಿಲೀಸ್ ಬೇರಿಂಗ್ ಕೆಟ್ಟಿರಲಿಲ್ಲ, ಆದರೂ ಬದಲಿಸಿದೆವು. ನಿಲ್ಲಬೇಕಾದ ಬೇರಿಂಗ್ ಏಳು ತಿಂಗಳು ಓಡಿದೆ, ಅದಕ್ಕಾಗಿ ಇನ್ನೊಮ್ಮೆ ಗೇರ್‌ಬಾಕ್ಸ್ ಇಳಿಸುವ ಕೂಲಿ ಆ ಬೇರಿಂಗಿನ ಬೆಲೆಗಿಂತ ಬಹಳ ಹೆಚ್ಚು. ಇದು ರೋಗಕ್ಕೆ ಮದ್ದಲ್ಲ, ಬರೀ ಮುಂಜಾಗ್ರತೆ ಎಂದು ಬಿಲ್ಲಿನಲ್ಲೂ ಬರೆದೆ.

ಇನ್‌ಪುಟ್ ಶಾಫ್ಟನ್ನು ಎರಡು ತುದಿ ಹಿಡಿದು ಬೇರಿಂಗನ್ನು ತಿರುಗಿಸಿದಾಗ ಬೆರಳಿಗೆ ರವೆ ಸಿಕ್ಕಿದಂತಾಯಿತು. ಪೆಟ್ರೋಲಿನಲ್ಲಿ ತೊಳೆದು ದೀಪಕ್ಕೆ ಹಿಡಿದರೆ ಗುಂಡುಗಳು ಉರುಳುವ ಬಳೆಯಾದ ಒಳಗಿನ ರೇಸಿನ ದಾರಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಮೂರು ಗುಳಿಗಳು, ಅವುಗಳ ಅಂಚು ಸಿಪ್ಪೆ ಎದ್ದಂತೆ. ಗೇರುಗಳ ಹಲ್ಲಿಗೆ ಇನ್ನೂ ಪೆಟ್ಟಾಗಿರಲಿಲ್ಲ. ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರಿನ ಕೊನೆಗೆ ಸಿ3 ಎಂದಿತ್ತು. ಒಳಗಿನ ಸಡಿಲ ಸಾಮಾನ್ಯಕ್ಕಿಂತ ತುಸು ಹೆಚ್ಚಿರುವ, ಬಿಸಿಗೆ ಹಿಗ್ಗಲು ಎಡೆ ಬಿಟ್ಟ ಬೇರಿಂಗ್ ಎಂದು ಅದರ ಅರ್ಥ. ಅದೇ ಅಳತೆಯದು ಸಿ3 ಇಲ್ಲದೆಯೂ ಅಂಗಡಿಯಲ್ಲಿ ಸಿಗುತ್ತದೆ, ಕೈಯಲ್ಲಿ ಹಿಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಹಾಕಿದರೆ ಬೇಗ ಕಾದು ಕೂಗುತ್ತದೆ. ಹಾಸನದಿಂದ ಸರಿಯಾದದ್ದು ಬರುವವರೆಗೆ ಎರಡು ದಿನ ಕಾದೆವು. ಶಾಫ್ಟಿನ ಎರಡೂ ತುದಿಯ ಬೇರಿಂಗನ್ನು ಪುಲ್ಲರಿನಿಂದ ತೆಗೆದು, ಹೊಸದನ್ನು ಲೇತ್ ಅಂಗಡಿಯ ಪ್ರೆಸ್ಸಿನಲ್ಲಿ ಒಳರೇಸಿನ ಮೇಲೆ ಮಾತ್ರ ಭಾರ ಬೀಳುವಂತೆ ಕೊಳವೆ ಇಟ್ಟು ಕೂರಿಸಿದೆವು. ಹೊರರೇಸಿಗೆ ಸುತ್ತಿಗೆ ಹಾಕಿದ್ದರೆ ಹೊಸ ಬೇರಿಂಗಿನಲ್ಲೇ ಗುಳಿ ಬೀಳುತ್ತಿತ್ತು.

ಇನ್‌ಪುಟ್ ಶಾಫ್ಟಿನ ಸೀಲ್, ಎರಡೂ ಡ್ರೈವ್ ಶಾಫ್ಟ್ ಸೀಲುಗಳು ಹೊಸದಾದವು. ಕಿತ್ತ ಎಡಗಡೆ ಸೀಲಿನ ತುಟಿಯಲ್ಲಿ, ಬ್ಲೇಡಿನಿಂದ ಕೊಯ್ದಂತೆ, ಐದು ಮಿ.ಮೀ. ಉದ್ದದ ಗೀರು ಇತ್ತು. ಅದನ್ನು ಒಂದು ಕವರಿಗೆ ಹಾಕಿ ಮೇಷ್ಟ್ರಿಗೆ ಕೊಟ್ಟೆವು, ಅವರ ಡಿಕ್ಕಿಯ ಸಂಗ್ರಹಕ್ಕೆ. ಕ್ಲಚ್ ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಸಾಲಿಗೆ, ಅಂದರೆ ಸ್ಪ್ಲೈನಿಗೆ, ಗ್ರೀಸನ್ನು ಸವರಿ ಮತ್ತೆ ಬಟ್ಟೆಯಿಂದ ಒರೆಸಿ, ಹೊಳಪಷ್ಟೇ ಉಳಿಸಿದೆವು. ಕೈಪಿಡಿಯಲ್ಲಿ ಹೇಳಿದ ಆಯಿಲನ್ನೇ, ಕಾರನ್ನು ಸಮತಟ್ಟಾಗಿ ನಿಲ್ಲಿಸಿ, ಲೆವೆಲ್ ಪ್ಲಗ್ಗಿನ ತೂತಿನಿಂದ ಹೊರಗೆ ಹನಿಯುವವರೆಗೆ ತುಂಬಿದೆವು. ಅಷ್ಟಕ್ಕೆ 2.2 ಲೀಟರ್ ಹಿಡಿಯಿತು.

ಸ್ಟಾರ್ಟ್ ಮಾಡಿದಾಗ ಮೂರೂ ಸ್ಥಿತಿಯಲ್ಲಿ ಕೇಳಿದೆವು. ಗುರ್ ಇಲ್ಲ, ಜೀರುಂಡೆ ಇಲ್ಲ. ಸಾವಿರ ಕಿ.ಮೀ. ಆದ ಮೇಲೆ ಕರೆದು ಅಳೆದಾಗ ಪೆಡಲಿನಲ್ಲಿ 18 ಮಿ.ಮೀ. ಇತ್ತು, ಸೀಲಿನ ಸುತ್ತ ಧೂಳು ಒಣಗಿತ್ತು. ಮೇಷ್ಟ್ರ ಎಡಗಾಲು ಈಗ ಪಕ್ಕದ ನೆಲದ ಮೇಲೆ ಇರುತ್ತದೆ; ಮೊದಲ ವಾರ ಅಭ್ಯಾಸ ಬಲದಿಂದ ಮೇಲಕ್ಕೆ ಹೋಗುತ್ತಿತ್ತಂತೆ. ಆ ಭೇಟಿಯಲ್ಲಿ ಅವರು ಇನ್ನೊಂದು ಸದ್ದನ್ನು ಹಿಡಿದು ತಂದಿದ್ದರು. ಏಸಿ ಹಾಕಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಅಕ್ಕಿ ಮೊರದಲ್ಲಿ ಅಲುಗಿದಂತೆ ಸಣ್ಣ ಕಟಕಟ, ಕ್ಲಚ್ ತುಳಿದರೆ ಇಲ್ಲ. ಭಾರವಿಲ್ಲದ ಗೇರುಗಳ ಹಲ್ಲು ಇಂಜಿನ್ನಿನ ನಿಧಾನದ ಮಿಡಿತಕ್ಕೆ ಒಂದಕ್ಕೊಂದು ತಟ್ಟುವ ಸದ್ದು ಅದು. ಏಸಿಯ ಭಾರಕ್ಕೆ ಮಿಡಿತ ಒರಟಾದಾಗ ಎದ್ದು ಕೇಳಿಸುತ್ತದೆ, ಸುತ್ತು ಸ್ವಲ್ಪ ಏರಿಸಿದರೆ ಅಡಗುತ್ತದೆ. ಸ್ಟೆತಸ್ಕೋಪಿನಲ್ಲಿ ಬೇರಿಂಗಿನ ದನಿ ನುಣುಪಾಗಿತ್ತು. ಅದಕ್ಕೆ ಏನೂ ಮಾಡದೆ, ಬಿಲ್ಲೂ ಬರೆಯದೆ ಕಳಿಸಿದೆವು.